ಅಂಗೈ ನೋಡಿ ಚಾಕು ಕೊಡುವ ಹಿಡಿಯಕ್ಕ

ಬೆಳಗಿನ ಐದೂಮುಕ್ಕಾಲು. ಕಿಟಕಿಯಿಂದ ಬೆಳಕು ಇನ್ನೂ ಸರಿಯಾಗಿ ಒಳಗೆ ಬಂದಿಲ್ಲ, ಹಿಡಿಯಕ್ಕ ಆಗಲೇ ಮೇಜಿಗೆ ಬಿಗಿದ ಇಕ್ಕಳದಂಥ ವೈಸಿನ ಮುಂದೆ ಕೂತಿದ್ದಾರೆ. ಹಳೆಯ ಚರ್ಮದ ತುಂಡು ಸುತ್ತಿ, ಒಂದು ಮಡಚುವ ಚಾಕುವನ್ನು ವೈಸಿಗೆ ಸಿಕ್ಕಿಸಿ, ಅದರ ಮರದ ಹಿಡಿಯನ್ನು ಅರದಿಂದ ಉಜ್ಜುತ್ತಿದ್ದಾರೆ. ನಾಲ್ಕು ಸಲ ಉಜ್ಜುತ್ತಾರೆ, ನಿಲ್ಲಿಸುತ್ತಾರೆ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಾರೆ. ಪುಡಿಯೆಲ್ಲ ಕೆಳಗೆ ಹಾಸಿದ ಪತ್ರಿಕೆಯ ಮೇಲೆ ಬೀಳುತ್ತಿದೆ. ಬಗ್ಗಿ ನೋಡಿದರೆ ಅದು ನಮ್ಮದೇ ಪುರವಣಿ, ಹೋದ ತಿಂಗಳಿನದು. ಅರ್ಧ ಪುಟದ ಫೋಟೊದಲ್ಲಿ ಒಬ್ಬ ಗಂಡಸು ಮುತ್ತಿನ ಚಿಪ್ಪು ಕೂರಿಸಿದ ಚಾಕು ಹಿಡಿದು ನಗುತ್ತಿದ್ದಾರೆ. ಆ ಮುಖದ ತುಂಬ ಈಗ ಮರದ ಪುಡಿ.

“ನನ್ನ ತಮ್ಮ. ಕೈಗೆ ಸಿಕ್ಕಿದ ಪೇಪರ್ ಹಾಸ್ದೆ ಅಷ್ಟೆ,” ಎನ್ನುತ್ತಾರೆ ಹಿಡಿಯಕ್ಕ. ಮೇಜಿನ ಕೆಳಗೆ ಹಳೆಯ ಪತ್ರಿಕೆಗಳು ಮೊಣಕಾಲೆತ್ತರ ಬಿದ್ದಿವೆ. ಕೈಗೆ ಸಿಕ್ಕಿದ್ದು ಮಾತ್ರ ಅದೇ ಪುಟ, ಅದೂ ಮುಖ ಮೇಲೆ ಮಾಡಿ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವಾಗ ಅವರನ್ನೆಲ್ಲ ಹೊಟ್ಟೆಕಿಚ್ಚೇ ಇಲ್ಲದ ಸಾಧುಗಳನ್ನಾಗಿ ಮಾಡುವುದು ನಮ್ಮ ಚಾಳಿ. ಐವತ್ತೆರಡು ವರ್ಷದ ಹಿಡಿಯಕ್ಕನಿಗೆ ಆ ವೇಷ ಒಪ್ಪುವುದಿಲ್ಲ. ತಮ್ಮನಿಗೆ ಸಿಕ್ಕ ಹೆಸರು ನೆನೆದರೆ ಅವರ ಹೊಟ್ಟೆ ಉರಿಯುತ್ತದೆ, ಅದನ್ನು ಬಚ್ಚಿಡಲು ಅವರಿಗೆ ಬರುವುದೂ ಇಲ್ಲ. “ಅವನ ಫೋಟೊ ಬಂದ ಭಾನುವಾರ ಅಡುಗೆಗೆ ಉಪ್ಪೇ ಇರ್ಲಿಲ್ಲ. ಸೋಮವಾರ ಎರಡು ಸಲ ಬಿತ್ತು,” ಎಂದು ಟೀ ತಂದಿಟ್ಟ ಅವರ ಗಂಡ ಹೇಳಿ, ಹೆಂಡತಿಯ ಕಣ್ಣು ತಪ್ಪಿಸಿ ಒಳಗೆ ಹೋಗುತ್ತಾರೆ. ನನಗೆ ಈ ಉರಿ ಚೆನ್ನಾಗಿ ಅರ್ಥವಾಗುತ್ತದೆ. ತಮ್ಮನ ಬಗ್ಗೆ ಬರೆದವನು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಬಂದ ಮೆಚ್ಚುಗೆಯ ಪತ್ರಗಳನ್ನು ಅವನು ಒಂದು ವಾರ ನನಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ.

ಹಿಡಿಯಕ್ಕನ ಕೆಲಸ ಇಷ್ಟೇ: ಅಂಗಡಿಯಲ್ಲಿ ಸಿಗುವ ಮಡಚುವ ಚಾಕುವಿನ ಹಿಡಿ ಎಲ್ಲರಿಗೂ ಒಂದೇ ಅಳತೆ. ಅದನ್ನು ಬಿಚ್ಚಿ, ಹಿಡಿಯುವವರ ಕೈಗೆ ತಕ್ಕ ಹಿಡಿ ಮಾಡಿ ಕೂರಿಸುವುದು. ಬರುವವರು ಚಪ್ಪಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು, ಬಲೆ ರಿಪೇರಿಯವರು. ದಿನವಿಡೀ ಚಾಕು ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದವರು. ಅವರ ಕೈಗೆ ಹಿಡಿಯಕ್ಕ ಮೊದಲು ಒಂದು ಮುದ್ದೆ ಒದ್ದೆ ಜೇಡಿಮಣ್ಣು ಕೊಡುತ್ತಾರೆ. “ಮೊದಲನೇ ಸಲ ಎಲ್ರೂ ಜೋರಾಗಿ ಹಿಚುಕ್ತಾರೆ, ನನಗೆ ಶಕ್ತಿ ತೋರಿಸೋಕೆ. ಅದನ್ನ ಎಸೀತೀನಿ. ಸ್ವಲ್ಪ ಮನೆ ಮಕ್ಕಳ ಮಾತಾಡಿ ಮತ್ತೆ ಕೊಟ್ರೆ ನಿಜವಾದ ಹಿಡಿತ ಬರುತ್ತೆ.” ಎರಡನೆಯ ಮುದ್ದೆ ಒಣಗಿ ಗೋಡೆಯ ಹಲಗೆ ಏರುತ್ತದೆ. ಹಲಗೆಯ ಮೇಲೆ ಈಗ ಆರುನೂರ ಹದಿನೆಂಟು ಹಿಡಿತಗಳಿವೆ. ಹೆಸರು ಬರೆಯುವ ರೂಢಿಯಿಲ್ಲ. ‘ಬುಟ್ಟಿ, ಎಡಗೈ’, ‘ಬಲೆ, ಕಿರುಬೆರಳಿಲ್ಲ’ ಎಂದು ಸೀಸದ ಕಡ್ಡಿಯಲ್ಲಿ ಗೀಚಿರುತ್ತಾರೆ.

ಒಂದು ಹಿಡಿಗೆ ಎರಡು ದಿನ ಬೇಕು, ವಾರಕ್ಕೆ ಮೂರು ಚಾಕು. ಮರ ಹೆಚ್ಚಾಗಿ ಮುರಿದ ಕುರ್ಚಿಯ ಕಾಲು, ಹಳೆಯ ಬಾಗಿಲಿನ ಪಟ್ಟಿ. ದನದ ಕೋಡಿನ ಹಿಡಿ ಮಾಡುವುದನ್ನು ಬಿಟ್ಟು ಏಳು ವರ್ಷವಾಯಿತು. ಅದರ ಪುಡಿ ಎದೆಗೆ ಹೋಗಿ, ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆ.

ಕಸುಬು ಅಪ್ಪನದು. ಹನ್ನೆರಡನೇ ವಯಸ್ಸಿಗೆ ಅರ ಹಿಡಿದದ್ದು ಮಗಳು. “ನಾನು ಉಜ್ಜಿದ ಹಿಡೀನ ಅಪ್ಪ ‘ನನ್ನ ಮಗ ಮಾಡಿದ್ದು’ ಅಂತ ಕೊಡೋರು. ಅವನಿಗಾಗ ಒಂಬತ್ತು ವರ್ಷ. ಅರ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿರ್ಲಿಲ್ಲ.” ಅಪ್ಪನ ಕಣ್ಣು ಮಂಜಾದ ಮೇಲೆ ತಮ್ಮನಿಗೆ ಕೆಲಸ ಕಲಿಸಿದ್ದೂ ಇವರೇ. ತಮ್ಮ ಚುರುಕು. ಅಕ್ಕನಿಗಿಂತ ಕೈ ನಯ, ಮಾತು ಇನ್ನೂ ನಯ. ಹಿಡಿಗೆ ಚಿಪ್ಪು, ಬೆಳ್ಳಿ ತಂತಿ ಕೂರಿಸಲು ಶುರುಮಾಡಿದರು. ಅವರ ಚಾಕುಗಳು ಗಾಜಿನ ಪೆಟ್ಟಿಗೆಯೊಳಗೆ ಇರುತ್ತವೆ, ಯಾರೂ ಅದರಿಂದ ಒಂದು ದಾರವನ್ನೂ ಕತ್ತರಿಸುವುದಿಲ್ಲ. ಅಂಗಳದ ಆಚೆ ಬದಿಯಲ್ಲಿ ಅವರ ಕೋಣೆ, ಬಾಗಿಲ ಮೇಲೆ ಅಪ್ಪನ ಹಳೆಯ ಬೋರ್ಡು. ಅಕ್ಕನ ಕೋಣೆಗೆ ಬೋರ್ಡಿಲ್ಲ.

ಈವತ್ತು ವೈಸಿನಲ್ಲಿರುವ ಚಾಕು ಗಿಡಗಳಿಗೆ ಕಸಿ ಕಟ್ಟುವವರದು. ಹಿಡಿಯಕ್ಕ ಅವರನ್ನು ಕಸಿಯಣ್ಣ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಬರುವ ಗಿರಾಕಿ, ದಿನಕ್ಕೆ ಮುನ್ನೂರು ಸಸಿ ಕಟ್ಟುವ ಕೈ. ಹತ್ತು ಗಂಟೆಗೆ ಬರುವವರಿದ್ದಾರೆ. ಹಿಡಿಯನ್ನು ವೈಸಿನಿಂದ ಬಿಡಿಸಿ ಅಗಸೆ ಎಣ್ಣೆಯ ಬಟ್ಟೆಯಿಂದ ಒರೆಸಿದಾಗ ನನ್ನ ಕಣ್ಣು ಅರಳುತ್ತದೆ. ಕಪ್ಪು ಮರದ ನಡುವೆ ಐದು ಎಸಳಿನ ಚಿಪ್ಪಿನ ಹೂವು ಹೊಳೆಯುತ್ತಿದೆ. ನಲವತ್ತು ವರ್ಷದಲ್ಲಿ ಅವರು ಚಿಪ್ಪು ಕೂರಿಸಿದ್ದು ಇದೇ ಮೊದಲು. ಕ್ಯಾಮೆರಾ ತರುತ್ತೇನೆ ಎಂದು ಮೂರು ದಿನ ಮೊದಲು ನಾನು ಫೋನಿನಲ್ಲಿ ಹೇಳಿದ್ದೆ. ಸಹೋದ್ಯೋಗಿಯ ಮುಖ ನೆನೆಸಿಕೊಂಡು ಹನ್ನೊಂದು ಫೋಟೊ ತೆಗೆಯುತ್ತೇನೆ.

ಡ್ರಿಲ್ಲಿಗೆ ಹಾಕುವ ಮೊನೆ ಕೇಳಲು ಬಂದ ತಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. “ಏನಕ್ಕಾ, ನೀನೂ ಶುರು ಮಾಡಿದ್ಯಾ?” ಎಂದು ನಗುತ್ತಾರೆ. “ಚೆನ್ನಾಗಿದೆ ಕಣೇ.” ಆ ಕೊನೆಯ ಮಾತು ಬಹುಶಃ ಮನಸಾರೆ ಆಡಿದ್ದು. ಹಿಡಿಯಕ್ಕನ ಕಿವಿ ಕೆಂಪಗಾಗುತ್ತದೆ. ಡ್ರಿಲ್ಲಿನ ಮೊನೆ ಎಲ್ಲಿದೆಯೋ ಗೊತ್ತಿಲ್ಲ ಎನ್ನುತ್ತಾರೆ. ಅದು ಅವರ ಕೈಯಲ್ಲೇ ಇದೆ.

ಹತ್ತಕ್ಕೆ ಸರಿಯಾಗಿ ಬಂದ ಕಸಿಯಣ್ಣ, ಹೂವು ನೋಡಿ “ಅಬ್ಬಾ ತಾಯಿ, ಮದುಮಗಳ ಥರ ಮಾಡಿಟ್ಟಿದ್ದೀಯಲ್ಲ” ಎನ್ನುತ್ತಾರೆ. ಆದರೆ ಇಲ್ಲಿ ಚಾಕು ನೋಡಿ ಒಯ್ಯುವಂತಿಲ್ಲ. ಮೂಲೆಯಲ್ಲಿ ಒಂದು ಬುಟ್ಟಿ ಹಸಿ ಕಡ್ಡಿಗಳಿವೆ. ಬಂದವರು ಕೂತು ಐವತ್ತು ಕಡ್ಡಿ ಕತ್ತರಿಸಬೇಕು, ಆಮೇಲೆ ಹಿಡಿಯಕ್ಕನಿಗೆ ಕೈ ಚಾಚಬೇಕು. “ಬಾಯಿ ‘ಚೆನ್ನಾಗಿದೆ’ ಅನ್ನುತ್ತೆ, ಸಂಕೋಚಕ್ಕೆ. ಅಂಗೈಗೆ ಸಂಕೋಚ ಇಲ್ಲ.”

ಕಸಿಯಣ್ಣ ಕತ್ತರಿಸುತ್ತಾರೆ. ಮೂವತ್ತು ದಾಟಿದ ಮೇಲೆ ಹಿಡಿತವನ್ನು ಸ್ವಲ್ಪ ಸರಿಸುತ್ತಾರೆ. ಐವತ್ತಾದಾಗ “ಬೆಣ್ಣೆ ಹಾಗಿದೆ ತಾಯಿ” ಎಂದು ಚಾಕು ಮಡಚಿ ಜೇಬಿಗೆ ಹಾಕಲು ಹೋಗುತ್ತಾರೆ.

“ಕೈ ತೋರ್ಸಿ, ಕಸಿಯಣ್ಣ.”

“ಏನೂ ಇಲ್ಲ ಬಿಡು.”

“ತೋರ್ಸಿ ಅಂದೆ.”

ಅಂಗೈಯ ನಡುವೆ ಕೆಂಪಗೆ ಐದು ಎಸಳು ಮೂಡಿವೆ. ಹಿಡಿಯಕ್ಕ ಬಹಳ ಹೊತ್ತು ನೋಡುತ್ತಾರೆ. ತಪ್ಪು ಅವರಿಗೆ ಆಗಲೇ ತಿಳಿದಿದೆ. ಚಿಪ್ಪು ಮರಕ್ಕಿಂತ ಗಟ್ಟಿ. ಎರಡನ್ನೂ ಒಟ್ಟಿಗೆ ಉಜ್ಜಿದರೆ ಮರ ಸವೆಯುತ್ತದೆ, ಚಿಪ್ಪು ಕೂದಲೆಳೆಯಷ್ಟು ಮೇಲೆ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೂರು ವರ್ಷವಾದರೂ ಯಾರಿಗೂ ಗೊತ್ತಾಗುವುದಿಲ್ಲ. “ಈ ಉಬ್ಬು ಬೆಳಗ್ಗೆನೇ ಹೆಬ್ಬೆರಳಿಗೆ ಸಿಕ್ಕಿತ್ತು,” ಎನ್ನುತ್ತಾರೆ ತಗ್ಗಿದ ದನಿಯಲ್ಲಿ. “ಸಿಕ್ಕೇ ಇಲ್ಲ ಅನ್ನೋ ಹಾಗೆ ಸುಮ್ನಾದೆ.”

ಇಲ್ಲಿ ನನ್ನ ಸಣ್ಣತನವನ್ನೂ ಹೇಳಿಬಿಡಬೇಕು. “ಇರಲಿ ಬಿಡಿ ಅಕ್ಕ, ಪುರವಣಿ ಬರುವವರೆಗಾದರೂ. ಫೋಟೊ ತುಂಬ ಚೆನ್ನಾಗಿದೆ,” ಎಂದುಬಿಡುತ್ತೇನೆ. ಕಸಿಯಣ್ಣನೂ ತಲೆಯಾಡಿಸುತ್ತಾರೆ. ಹಿಡಿಯಕ್ಕ ಅಂಗಳದ ಆಚೆಯ ಬೋರ್ಡನ್ನು ಒಂದು ಸಲ ನೋಡುತ್ತಾರೆ. ಆಮೇಲೆ ಸೂಜಿ ಕಾಯಿಸಿ, ಹೂವಿನ ಅಂಚಿಗೆ ಚುಚ್ಚಿ, ಒಂದೊಂದೇ ಎಸಳನ್ನು ಎಬ್ಬಿಸುತ್ತಾರೆ. ಮೂರನೆಯದು ಮುರಿಯುತ್ತದೆ. ಕಣ್ಣಲ್ಲಿ ನೀರಿದೆ, ಒರೆಸಿಕೊಳ್ಳುವುದಿಲ್ಲ. ಗುಳಿಗೆ ಅದೇ ಮರದ ತುಂಡು ಕೂರಿಸಿ, ಅಂಟು ಒಣಗಲು ಒಂದೂವರೆ ಗಂಟೆ ಕಾದು, ಮತ್ತೆ ಅರ ಹಿಡಿಯುತ್ತಾರೆ.

“ಆ ಹನ್ನೊಂದು ಫೋಟೊ ಅಳಿಸಿಬಿಡಿ,” ಎನ್ನುತ್ತಾರೆ. ಪಕ್ಕದಲ್ಲೇ ನಿಂತು ಎಣಿಸುತ್ತಾರೆ. ಹನ್ನೊಂದೂ ಹೋಗುತ್ತವೆ.

ಮಧ್ಯಾಹ್ನದ ಹೊತ್ತಿಗೆ ಕಸಿಯಣ್ಣ ಇನ್ನೈವತ್ತು ಕಡ್ಡಿ ಕತ್ತರಿಸಿ ಕೈ ಚಾಚುತ್ತಾರೆ. ನಾನು ಚಾಕುವಿನ ಕಡೆ ಕ್ಯಾಮೆರಾ ತಿರುಗಿಸುತ್ತೇನೆ. ಎಲ್ಲ ಚಾಕುಗಳಂತೆ ಒಂದು ಚಾಕು, ತೆಗೆಯಲು ಏನೂ ಇಲ್ಲ. ಹಿಡಿಯಕ್ಕ ನನ್ನ ಮೊಣಕೈ ಹಿಡಿದು ಕ್ಯಾಮೆರಾವನ್ನು ಕಸಿಯಣ್ಣನ ಅಂಗೈಯ ಮೇಲಕ್ಕೆ ತರುತ್ತಾರೆ.

“ಇದನ್ನ ತೆಗೀರಿ.”

“ಇದರಲ್ಲಿ ಏನೂ ಇಲ್ಲವಲ್ಲ ಅಕ್ಕ?”

“ಇಲ್ಲ ಅಲ್ವಾ? ನೂರು ಕಡ್ಡಿ ಕತ್ತರಿಸಿದ ಕೈ. ಬೆಳಗ್ಗೆಯ ಕೆಂಪು ಗುರುತೂ ಮಾಸಿಹೋಗಿದೆ. ಅದು ನಾನು ಮಾಡಿದ್ದು.” ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. “ಒಂದೇ ಒಂದು ಆಸೆ. ತಮ್ಮನದು ಅರ್ಧ ಪುಟ ಹಾಕಿದ್ರಲ್ಲ? ಈ ಅಂಗೈ ಅದಕ್ಕಿಂತ ಎರಡು ಬೆರಳು ದೊಡ್ಡದಿರ್ಲಿ.”