ತಂಗಿಯ ಕಾರಿಗೆ ಬರೆಯದ ಬಿಲ್ಲು

ಸೋಮನಹಳ್ಳಿಯ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಪುಟ್ಟರಾಜು ಇಪ್ಪತ್ತಾರು ವರ್ಷದಿಂದ ಕಾರುಗಳ ಶಾಕಬ್ಸರ್ ಬದಲಾಯಿಸುತ್ತಿದ್ದಾನೆ. ಗಾಡಿಯ ಮೂತಿಯನ್ನು ಒಮ್ಮೆ ಅಮುಕಿ ಬಿಟ್ಟರೆ ಸಾಕು, ಯಾವ ಕಡೆಯದು ಸತ್ತಿದೆ ಎಂದು ಹೇಳಬಲ್ಲ. ಅವನ ಕೆಲಸಕ್ಕೆ ಬೆರಳು ತೋರಿಸುವವರು ಮದ್ದೂರು ತಾಲೂಕಿನಲ್ಲೇ ಇಲ್ಲ. ಆದರೆ ಮನುಷ್ಯನಿಗೆ ಕೆಲಸ ಗೊತ್ತಿದ್ದರೆ ಸಾಲದು, ಕಾಲವೂ ಗೊತ್ತಿರಬೇಕು. ಅದು ಅವನಿಗೆ ಗೊತ್ತಿರಲಿಲ್ಲ.

ಶೆಡ್ಡಿಗೆ ಅವನದೇ ಒಂದು ಕಟ್ಟಳೆ. ಮಿಕ್ಕವರು ಕೇಳಿದರೆ ಬಿಲ್ಲು ಕೊಡುತ್ತಾನೆ, ನೆಂಟರಿಗೆ ಮಾತ್ರ ಇಲ್ಲ. ನೆಂಟರ ಕೈಗೆ ಬಿಲ್ಲು ಕೊಡುವುದೂ ಒಂದೇ, ನೀನು ನಮ್ಮವನಲ್ಲ ಅನ್ನುವುದೂ ಒಂದೇ ಎಂದು ಅವನ ಅಪ್ಪ ಹೇಳುತ್ತಿದ್ದರಂತೆ. ಆ ಕಾಲದಲ್ಲಿ ಅದು ಚೆಂದದ ಮಾತೇ ಇದ್ದಿರಬೇಕು.

ತಂಗಿ ರೂಪಳನ್ನು ಮಳವಳ್ಳಿಗೆ ಕೊಟ್ಟಿದ್ದರು. ಅವಳ ಗಂಡ ಜಯಪ್ರಕಾಶ್ ಹೊಸ ಕಾರು ತೆಗೆದು, ವಾರಕ್ಕೆ ಮೂರು ದಿನ ಡಯಾಲಿಸಿಸ್ ರೋಗಿಗಳನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಆ ಮನೆಯ ಅನ್ನವೆಲ್ಲ ಆ ಗಾಡಿಯಿಂದಲೇ. ಕಂಪನಿಯ ಶಾಕಬ್ಸರ್ ಮೆತ್ತಗಿದ್ದುದರಿಂದ ತುಂಬಿದ ಗಾಡಿ ಗುಂಡಿಗಿಳಿದರೆ ತಳ ಹೊಡೆಯುತ್ತಿತ್ತು. ಆ ರೋಗಿಗಳಲ್ಲೊಬ್ಬರಾದ ಶ್ಯಾಮಣ್ಣ ಮೇಷ್ಟ್ರು ಹಿಂದೆ ಕೂತು ಪ್ರತಿ ಏಟಿಗೂ "ರಾಮ ರಾಮ" ಎಂದು ಕಣ್ಣು ಮುಚ್ಚುತ್ತಿದ್ದರು.

"ಮಂಡ್ಯದ ಸೋರೂಮಲ್ಲೇ ಬದ್ಲಾಯಿಸವಾ ಅಂತಿದ್ದೆ ಬಾವ, ವಾರಂಟಿ ಐತೆ," ಎಂದ ಜಯಪ್ರಕಾಶ್.

"ನಾನಿಲ್ಲಿ ಗುಂಡುಕಲ್ಲಂಗೆ ಕುಂತಿವ್ನಿ, ಅವರತ್ರ ಓಯ್ತೀಯಾ? ನಾಳೀಕೆ ಗಾಡಿ ತಕಂಡ್ ಬಾ."

ಒಳ್ಳೆಯ ಮಾಲನ್ನೇ ತರಿಸಿ ಅರ್ಧ ದಿನದಲ್ಲಿ ನಾಲ್ಕೂ ಕಡೆ ಕೂರಿಸಿದ. ಕೂಲಿ ಮುಟ್ಟಲಿಲ್ಲ. ಬಿಚ್ಚಿದ ಹಳೆಯವು ಅವತ್ತೇ ಗುಜರಿಗೆ ಹೋದವು. ಹೊರಡುವಾಗ ಜಯಪ್ರಕಾಶ್ ತಲೆ ಕೆರೆದುಕೊಂಡು, "ಒಂದ್ ಬಿಲ್ ಬರ್ಕೊಟ್ಬುಡಿ ಬಾವ. ಏನ್ ಹಾಕಿದ್ದು, ಯಾವತ್ ಹಾಕಿದ್ದು ಅಂತ. ವಾರಂಟಿಗೆ ಕೇಳ್ತಾರಂತೆ," ಎಂದ.

ಪುಟ್ಟರಾಜುವಿನ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ, ಜೊತೆಗೆ ಬಂದಿದ್ದ ರೂಪಳೇ ಗಂಡನ ಮೇಲೆ ಹರಿಹಾಯ್ದಳು. "ನಮ್ಮಣ್ಣನ ತಾವ ಬಿಲ್ ಕೇಳ್ತೀರಲ್ಲ, ನಾಚ್ಕೆ ಆಗಕಿಲ್ವಾ? ನಡೀರಿ ಸುಮ್ಕೆ."

ತಂಗಿ ಅಂದರೆ ಹಿಂಗಿರಬೇಕು ಎಂದು ಪುಟ್ಟರಾಜು ಬೀಗಿದ. ಬೀಗುವುದಕ್ಕೇನು, ಕಾಸು ಕೊಡಬೇಕೆ?

ಎಂಟು ತಿಂಗಳು ಶ್ಯಾಮಣ್ಣ ಮೇಷ್ಟ್ರು ಹಿಂದಿನ ಸೀಟಿನಲ್ಲಿ ನಿದ್ದೆಯನ್ನೇ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ, ಮಂಡ್ಯ ಇನ್ನೇನು ಬಂತು ಅನ್ನುವಾಗ, ಸ್ಟೀರಿಂಗ್ ಬಿಗಿದುಕೊಂಡಿತು. ಹೊರಗಡೆ ಹಾಕಿಸಿದ ಶಾಕಬ್ಸರಿನಿಂದಲೇ ಹಿಂಗಾಗಿರಬೇಕು, ವಾರಂಟಿ ಕೊಡೋಕಾಗಲ್ಲ ಎಂದರು ಶೋರೂಮಿನವರು. ಪುಟ್ಟರಾಜು ಕೈಯ ಗ್ರೀಸನ್ನೂ ತೊಳೆಯದೆ ಓಡಿದ.

ಅಲ್ಲಿನ ಸೂಪರ್‌ವೈಸರ್ ಶ್ರೀಕರ ಕೂರಿಸಿ ನೀರು ಕೊಟ್ಟ. "ಮಾಲು ಸರಿಯಾಗಿದೆ, ಕೆಲಸವೂ ಚೆನ್ನಾಗಿದೆ ಸಾರ್. ಆದರೆ ಯಾರು, ಯಾವತ್ತು ಹಾಕಿದ್ದು ಅನ್ನೋದಕ್ಕೆ ಬಿಲ್ ಇದ್ದಿದ್ದರೆ ಮೇಲಿನವರಿಗೆ ಬರೆದು ಕೇಳ್ತಿದ್ದೆ. ಹಳೇ ಪಾರ್ಟಾದರೂ ಇದೆಯಾ?"

"ನಾನೇ ಬಂದಿವ್ನಲ್ಲ ಸ್ವಾಮಿ, ನಾನೇ ಹಾಕಿದ್ದು. ಈಗ್ಲೇ ಬರ್ಕೊಡ್ತೀನಿ."

"ಕೆಟ್ಟ ಮೇಲೆ ಬರೆದ ಬಿಲ್ಲು ನಡೆಯಲ್ಲ ಸಾರ್. ನಿಮ್ಮ ಮಾತು ನಾನು ನಂಬ್ತೀನಿ. ಕಂಪನಿ ನಂಬಲ್ಲ."

ಪುಟ್ಟರಾಜು ರಿಪೇರಿಯ ಖರ್ಚು ತಾನೇ ಕೊಡುತ್ತೇನೆಂದು ಮಳವಳ್ಳಿಗೆ ಹೋದ. ಜಯಪ್ರಕಾಶ್ ಬಾಗಿಲಲ್ಲೇ ನಿಂತು, "ನಿಮ್ ದುಡ್ಡು ಬ್ಯಾಡ ಬುಡಿ," ಎಂದ. ರೋಗಿಗಳು ಕಾಯುವ ಹಾಗಿರಲಿಲ್ಲ, ಬೇರೆ ಗಾಡಿ ಹಿಡಿದರು. ರಿಪೇರಿಗೆ ಕಾಸಿಲ್ಲದೆ ಕಾರು ನಿಂತಲ್ಲೇ ಮಾರಿಹೋಯಿತು. ಜಯಪ್ರಕಾಶ್ ಈಗ ಯಾರದೋ ಟೆಂಪೋ ಓಡಿಸುತ್ತಾನೆ.

ಈ ಸಲ ಗೌರಿಹಬ್ಬಕ್ಕೆ ಪುಟ್ಟರಾಜು ಎಂದಿನಂತೆ ಬಾಗಿನ ಕಟ್ಟಿಕೊಂಡು ಬಸ್ಸು ಹತ್ತಿದ. ರೂಪ ಮೊರ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಸೊರಗಿದ್ದಳು. ಜಯಪ್ರಕಾಶ್ ಮನೆಯಲ್ಲಿರಲಿಲ್ಲ. ಅಣ್ಣ ಬರುವ ಹೊತ್ತು ನೋಡಿಯೇ ಹೊರಗೆ ಹೋಗಿದ್ದ. ಅವಳು ಅಣ್ಣನಿಗೆ ಎಲೆ ಹಾಕಿ ಬಡಿಸಿದಳು.

"ಇನ್ನೂ ನನ್ ಮೇಲೆ ಸಿಟ್ಟೇನವ್ವ ಅವ್ನಿಗೆ?"

"ನಿನ್ ಮೇಲಲ್ಲ ಕಣಣ್ಣ. ಬಿಲ್ ಬ್ಯಾಡ ಅಂದೋಳು ನಾನಲ್ವಾ."

ಇಷ್ಟು ದಿನ ತನ್ನ ತಪ್ಪನ್ನು ತಾನೇ ಹೊತ್ತಿದ್ದೇನೆ ಅಂದುಕೊಂಡಿದ್ದ ಪಾಪಿ.

"ಇನ್ನೊಂದ್ ಮಾತು, ಬೇಜಾರ್ ಮಾಡ್ಕಬ್ಯಾಡ," ಎಂದಳು ರೂಪ, ತಲೆ ಎತ್ತದೆ. "ನೀನ್ ಬಂದೋದ್ರೆ ಎಲ್ಡ್ ದಿಸ ಅವ್ರು ನನ್ ತಾವ ಮಾತಾಡಕಿಲ್ಲ. ಮುಂದ್ಲ ವರ್ಸ ಬಾಗ್ನಾವ ಯಾರ ಕೈಲಾದ್ರೂ ಕಳಿಸ್ಬುಡು. ನೀನು ಬರ್ಬ್ಯಾಡ."

ಹೇಳಿ, ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಪುಟ್ಟರಾಜು ತಲೆ ತಗ್ಗಿಸಿಕೊಂಡು ಅದನ್ನೂ ತಿಂದ.