ಬೆಟ್ಟದ ರೈಲಿನಲ್ಲಿ ಶಾರದಾ

ವಿಜಯಪುರದ ಜಲನಗರದಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಇಸ್ತ್ರಿಯವನು ಬೆಳಿಗ್ಗೆ ಇದ್ದಿಲು ಹೊತ್ತಿಸುತ್ತಾನೆ. ಆ ಹೊಗೆ ಕಿಟಕಿಯಿಂದ ಒಳಬಂದರೆ ನಾನು ಪೇಪರು ಮಡಚಿಡುತ್ತೇನೆ. ಆಮೇಲೆ ಓದಲಾಗುವುದಿಲ್ಲ ನೋಡಿ. ನೀಲಗಿರಿಯ ಆ ರೈಲು ನೆನಪಾಗುತ್ತದೆ.

ನನ್ನ ಹೆಂಡತಿ ಶಾರದಾ ಇಬ್ರಾಹಿಂಪುರದವಳು. ತವರುಮನೆಯ ಹಿತ್ತಲಿಗೆ ಹೊಂದಿಯೇ ರೈಲು ಹಳಿ. ಒಣಹಾಕಿದ ಬಟ್ಟೆಗೆಲ್ಲ ಮಸಿ ಕೂರುತ್ತಿತ್ತಂತೆ. ಅವಳ ಅವ್ವ ಎಂಜಿನ್ನಿಗೆ ಬೈದರೆ ಇವಳು ಅದಕ್ಕೆ ಕೈ ಬೀಸುತ್ತಿದ್ದಳಂತೆ. ನಮ್ಮ ಕಡೆ ಉಗಿ ಎಂಜಿನ್ನು ನಿಂತುಹೋದ ಮೇಲೆ, ಊಟಿಯ ಬೆಟ್ಟದ ಹಳೆಯ ರೈಲು ಇನ್ನೂ ಉಗಿಯಲ್ಲೇ ಓಡುತ್ತದೆಂದು ಎಲ್ಲೋ ಓದಿದಳು.

"ಒಮ್ಮಿ ಕರ್ಕೊಂಡ ಹೋಗ್ರಿ. ಹತ್ತಿ ಇಳಿಯೂದು ಒಂದ ದಿನದ್ದ ಮಾತು," ಅಂದಳು.

ನಾನಾಗ ಟಿಕೋಟಾದ ಸಾಲೆಯಲ್ಲಿ ಮಾಸ್ತರ. ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ಜನಗಣತಿ, ಮತ್ತೊಂದು ವರ್ಷ ಚುನಾವಣೆ. ನಾನಿಲ್ಲದಿದ್ದರೆ ದೇಶವೇ ನಿಂತುಹೋದೀತು ಎಂಬ ಗತ್ತು. "ರಜಾ ಸಿಗೂದಿಲ್ಲ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಅರ್ಜಿಯನ್ನೇ ಬರೆದಿರಲಿಲ್ಲ.

ನಾನು ನಿವೃತ್ತನಾಗುವಷ್ಟರಲ್ಲಿ ಅವಳಿಗೆ ಮರೆವಿನ ಕಾಯಿಲೆ ಹತ್ತಿತು. ಮೊದಲು ಸಾರಿಗೆ ಉಪ್ಪು ಮರೆತಳು, ಆಮೇಲೆ ತಂಗಿಯ ಹೆಸರು. ಆಗ ನನಗೆ ಅವಸರ ಹುಟ್ಟಿತು. ಹೋದ ವರ್ಷ ಕರೆದುಕೊಂಡು ಹೋದೆ.

ಮೆಟ್ಟುಪಾಳ್ಯದಲ್ಲಿ ಎಂಜಿನ್ನು ಸಿಳ್ಳೆ ಹಾಕಿದಾಗ ಅವಳು ಕೈ ಬೀಸಿದಳು. ಗೆದ್ದೆ ಅಂದುಕೊಂಡೆ. ಎಂಜಿನ್ನು ಹಿಂದಿನಿಂದ ನೂಕುತ್ತ ನಮ್ಮ ಡಬ್ಬಿಗಳನ್ನು ಮೇಲೇರಿಸುತ್ತಿತ್ತು. ಒಂದು ಸುರಂಗ ದಾಟಿ ಬೆಳಕಿಗೆ ಬಂದಾಗ ಶಾರದಾ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಕಿಟಕಿಯ ಕಡೆ ಸರಿದು ಕೂತಳು. ತುಸು ಹೊತ್ತು ನನ್ನನ್ನೇ ನೋಡಿದಳು.

"ಅಣ್ಣಾರ, ನಿಮ್ಮದ್ಯಾವ ಊರ್ರಿ?"

"ವಿಜಯಪುರ," ಎಂದೆ.

"ನಮ್ದೂ ಅದ ಊರ್ರಿ. ನಮ್ಮ ಮನಿಯವರು ಟಿಕೋಟಾದಾಗ ಮಾಸ್ತರ ಅದಾರ. ಅವರಿಗೂ ಬರಾಕ ಭಾಳ ಆಸೆ ಇತ್ತು. ರಜಾ ಸಿಗಲಿಲ್ಲರಿ, ಪಾಪ."

"ಶಾರದಾ, ನಾನ ಅದೀನಿ."

ಅವಳು ಮರ್ಯಾದೆಗೆ ನಕ್ಕು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೂನೂರಿನವರೆಗೆ ಕಿಟಕಿಯ ಆಚೆಗೇ ನೋಡುತ್ತ ಕೂತಳು.

ಆ ದಿನದಿಂದ ನಾನು ಅವಳಿಗೆ ಮರಳಿ ಗಂಡನಾಗಲಿಲ್ಲ. ಮೊದಮೊದಲು ಮದುವೆಯ ಫೋಟೋ ತೋರಿಸಿ ವಾದಿಸುತ್ತಿದ್ದೆ; ಅವಳು ಹೆದರಿ ಅಳುತ್ತಿದ್ದಳು. ಈಗ ಬಿಟ್ಟಿದ್ದೇನೆ. ಇವತ್ತು ಅವಳ ಕೋಣೆಗೆ ಚಹಾ ಒಯ್ದವನು ಬಾಗಿಲಲ್ಲೇ ನಿಂತು, "ಒಳಗ ಬರ್ಲೇನ್ರಿ ಅಕ್ಕಾರ?" ಎಂದು ಕೇಳಿದೆ.

"ಮನ್ಯಾಗ ಅವರಿಲ್ಲರಿ," ಎಂದಳು. "ಅಲ್ಲೇ ಇಟ್ಟ ಹೋಗ್ರಿ."

ಹೊಸ್ತಿಲ ಬಳಿ ಕಪ್ಪು ಇಟ್ಟು ಹೊರಗೆ ಬಂದೆ.