ಕಪ್ಪು ನೆಲದ ಮೇಲೆ ಎಳೆದ ಹಾಸು

ಅಣ್ಣನ ಕೆನ್ನೆಯ ಚರ್ಮ ಆ ಬಿಸಿ ನೆಲಕ್ಕೆ ಅಂಟಿ ಕಿತ್ತುಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವನ ಕೆನ್ನೆಯಲ್ಲಿ ಕಲೆಯಿಲ್ಲ. ಸುಟ್ಟ ಕಲೆ ಇರುವುದು ಅಂಗೈಯಲ್ಲಿ. ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಅಳೆಯದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಆ ದಿನ ನಾನು ಏನನ್ನೂ ಅಳೆದಿರಲಿಲ್ಲ.

ಹಿಂದೂಪುರದಲ್ಲಿ ನಮ್ಮದು ನೇಕಾರರ ಬೀದಿ. ರೇಷ್ಮೆಯ ಹಾಸನ್ನು, ಅಂದರೆ ಸೀರೆಯ ಉದ್ದೆಳೆಗಳನ್ನು, ಮಗ್ಗಕ್ಕೆ ಏರಿಸುವ ಮುಂಚೆ ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಬೆಸೆಯಬೇಕು. ಬೀದಿಯಲ್ಲಿ ಬೈಕು, ಆಟೊಗಳ ಕಾಟ ಹೆಚ್ಚಿದ ಮೇಲೆ ಪಕ್ಕದ ಕಲ್ಯಾಣ ಮಂಟಪದ ಪಾರ್ಕಿಂಗ್ ಜಾಗವೇ ನಮಗೆ ಬಯಲಾಯಿತು. ಆ ಬೇಸಿಗೆ ಮಂಟಪದ ಓನರ್ ಅಲ್ಲಿನ ನೆಲಕ್ಕೆ ಕಲ್ಲಿದ್ದಲ ಡಾಂಬರಿನ ಕಪ್ಪು ಲೇಪ ಹೊಡೆಸಿದ. ಕನ್ನಡಿಯಂತೆ ಮಿರಮಿರ ಮಿಂಚುತ್ತಿತ್ತು. ರಜೆಗೆ ಬಂದ ನಾನು ಗೇಟಿನಲ್ಲೇ ಮೂಗು ಮುಚ್ಚಿದೆ.

"ಎಲ್ಡು ದಿನ ವಾಸ್ನೆ ಇರ್ತದೆ, ಆಮೇಲೆ ಏನೂ ಇಲ್ಲ ಕಣಪ್ಪ" ಎಂದ ಓನರ್.

"ವಾಸನೆ ನಮ್ಮ ಮೂಗಿಗೆ ಅಭ್ಯಾಸ ಆಗ್ತದೆ ಅಷ್ಟೆ. ಬಿಸಿಲು ಬಿದ್ದಾಗೆಲ್ಲ ಅದು ಆವಿ ಬಿಡ್ತಾನೇ ಇರ್ತದೆ" ಎಂದೆ.

ಅಣ್ಣ ನಕ್ಕ. "ಇವನ ಮೂಗು ಎಮ್ಮೆಸ್ಸಿ ಓದೈತೆ. ನಮ್ಮವು ಏಳನೇ ಕ್ಲಾಸು."

ಹಿಂದಿನ ರಾತ್ರಿಯ ಮದುವೆಯ ಕಾರುಗಳು ಅವತ್ತು ತಡವಾಗಿ ಹೊರಟಿದ್ದವು. ಹಾಸು ಎಳೆಯುವ ಹೊತ್ತಿಗೆ ಬಿಸಿಲೇರಿತ್ತು, ಗಾಳಿಯೂ ಎದ್ದಿತ್ತು. ಗಾಳಿಗೆ ರೇಷ್ಮೆ ಎಳೆ ಸಿಕ್ಕಾಗುತ್ತದೆಂದು ನಮ್ಮವರು ಎಂದಿನಂತೆ ಎರಡೂ ಬದಿಗೆ ಶಾಮಿಯಾನದ ಬಟ್ಟೆ ಬಿಗಿದರು. ಗಾಳಿ ನಿಂತಿತು. ನೆಲದಿಂದ ಎದ್ದದ್ದೂ ಅಲ್ಲೇ ನಿಂತಿತು. ಅಮ್ಮ ಹಾಸಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಖವನ್ನು ನೆಲಕ್ಕೆ ಹತ್ತಿರ ತಂದು ಗಂಟು ಹಾಕುತ್ತಿದ್ದಳು. ಅವಳಿಗೆ ಮೊದಲಿಂದಲೂ ದಮ್ಮಿತ್ತು. ಎದೆಯ ಸೀಟಿ ನನಗೆ ಕೇಳಿಸಿತು. "ಏಳಮ್ಮ" ಎಂದೆ. "ಇದೊಂದು ಎಳೆ ಕಣಪ್ಪ" ಎಂದಳು. ಆಮೇಲೆ ಹಾಸಿನ ಮೇಲೆಯೇ ಬಿದ್ದಳು. ಎಳೆಗಳು ಪಟಪಟ ಹರಿದವು. ಅವಳ ತುಟಿ ನೀಲಿಗಟ್ಟಿತ್ತು. ನೀಲಿಯೆಂದೇ ನನ್ನ ನೆನಪು.

ನಾನು ಅವಳನ್ನು ಎತ್ತಿ ಬಟ್ಟೆಯಿಂದ ಆಚೆ ತಂದೆ. ಅಣ್ಣ ಹಾಸು ಬಿಗಿದಿದ್ದ ಕೋಲು ಕಿತ್ತುಕೊಂಡು ಗೇಟಿನ ಬಳಿ ನಿಂತಿದ್ದ ಓನರ್ ಕಡೆ ಓಡಿದ. ಮೊದಲ ಏಟು ಭುಜಕ್ಕೆ, ಎರಡನೆಯದು ಬಾಯಿಗೆ. ಓನರ್ ಹಲ್ಲು ಉಗುಳಿದ. ಮಂಟಪದ ಅಡುಗೆಮನೆಯಿಂದ ಅವನ ಆಳುಗಳು ಬಂದರು, ಒಬ್ಬನ ಕೈಯಲ್ಲಿ ಅನ್ನ ಬಗೆಯುವ ಸೌಟು. ಅಣ್ಣನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು, ಕೈ ಮೇಲೆ ಕಾಲಿಟ್ಟು ಬಿಸಿ ಲೇಪಕ್ಕೆ ಒತ್ತಿ ಹಿಡಿದರು. "ನೇಯೋ ಕೈ ಕಣ್ರೋ, ಬುಡ್ರೋ" ಎಂದು ಅವನು ಕೂಗಿದ. ನಾನು ಒಬ್ಬನ ಕಿವಿ ಕಚ್ಚಿದೆ. ಅಣ್ಣನನ್ನು ಕೇಳಿದರೆ, "ನೀನೆಲ್ಲಿ ಕಚ್ಚಿದ್ದು, ಅಮ್ಮನ್ನ ತಬ್ಕೊಂಡು ಅಲ್ಲೇ ಕೂತಿದ್ದೆ" ಅನ್ನುತ್ತಾನೆ. ಇರಬಹುದು. ಬಾಯಲ್ಲಿ ರಕ್ತದ ರುಚಿಯಂತೂ ನೆನಪಿದೆ, ಅದು ನನ್ನದೇ ತುಟಿಯದೂ ಇರಬಹುದು.

ಆಸ್ಪತ್ರೆಯ ಡಾಕ್ಟರು ನೇರವಾಗಿ ಹೇಳಿದರು. "ದಮ್ಮಿರೋರ್ನ ಆ ಹೊಗೆಯಲ್ಲಿ ಕೂರಿಸ್ತೀರ? ಮುಂದಿನ ಸಲ ಜೀವ ಉಳಿಯಲ್ಲ."

ಅಮ್ಮನನ್ನು ಕಲ್ಯಾಣದುರ್ಗಕ್ಕೆ ಕರೆತಂದೆ. ಅಲ್ಲಿಗೆ ಸೆಟ್ಟೂರು ಕಡೆಯಿಂದ ಬೀಸುವ ಒಣಗಾಳಿಗೆ ಎದೆಯ ಸೀಟಿ ಕಡಿಮೆಯಾಯಿತು. ಅತ್ತ ನಮ್ಮ ಬೀದಿಯ ಹಿರಿಯರು ಕೂತು ರಾಜಿ ಮಾಡಿಸಿದರು: ಎರಡೂ ಕಡೆ ಕೇಸು ಬೇಡ, ಜಾಗ ಮೊದಲಿನಂತೆ ಬಳಸಿಕೊಳ್ಳಿ. ಅಣ್ಣ ಫೋನಿನಲ್ಲಿ, "ಅವನ ನೆಲಕ್ಕೆ ಬೆಂಕಿ ಬೀಳ್ಲಿ. ಕೆರೆ ದಾರೀಲಿ ಎಳೀತೀವಿ. ಗಂಟು ಹಾಕೋರಿಲ್ಲ ಕಣ್ಲಾ" ಎಂದ.

ಅಮ್ಮ ಚೀಲ ತುಂಬಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನೀನೇನು ಪೊಲೀಸಾ?" ಎಂದಳು. "ಸುಮ್ನೆ ಕೂತ್ರೆ ಉಸಿರು ಯಾಕಪ್ಪ ನಂಗೆ? ಆ ಕಪ್ಪು ನೆಲಕ್ಕೆ ಹೋಗಲ್ಲ ಅಂದಿಲ್ವಾ ನಿಮ್ಮಣ್ಣ. ಮಣ್ಣು ದಾರಿಗೆ ಹೋಯ್ತೀನಿ."

ಜೊತೆಗೆ ನಾನೂ ಹೋದೆ. ಕೆರೆ ದಾರಿಗೆ ಅಡ್ಡಲಾಗಿ ಕಲ್ಲುಗಳನ್ನಿಟ್ಟು ಹಾಸು ಎಳೆದಿದ್ದರು. ಗಾಳಿಗೆ ಅಡ್ಡ ಬಟ್ಟೆ ಕಟ್ಟಲು ನಾನು ಬಿಡಲಿಲ್ಲ. ಎಳೆಗಳು ಸಿಕ್ಕಾಗುತ್ತಿದ್ದವು, ಎಲ್ಲರೂ ನನ್ನನ್ನೇ ಬೈಯುತ್ತಿದ್ದರು. ಅಷ್ಟರಲ್ಲಿ ಮರಳಿನ ಟ್ರ್ಯಾಕ್ಟರೊಂದು ಬಂದು ಕಲ್ಲಿನ ಮುಂದೆಯೇ ನಿಂತಿತು.

"ಈ ದಾರಿ ಮೀ ನಾಯನದಾ?" ಎಂದ ಡ್ರೈವರು.

"ಹೂಂ, ನಮ್ಮಪ್ಪಂದೇ. ಇಳಿ, ಪತ್ರ ತೋರಿಸ್ತೀನಿ" ಎಂದು ಅಣ್ಣ ಕಲ್ಲೆತ್ತಿಕೊಂಡ. ಡ್ರೈವರು ಇಳಿಯದೆ ಹಾರ್ನ್ ಒತ್ತಿ ಹಿಡಿದ. ಅಮ್ಮ ತಲೆಯೆತ್ತದೆ ಗಂಟು ಹಾಕುತ್ತಲೇ ಇದ್ದಳು. ಸೀಟಿ ಇದೆಯೇ ಎಂದು ನಾನು ಅವಳ ಬೆನ್ನಿಗೆ ಕಿವಿ ಒತ್ತಿದೆ. ಹಾರ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವಳು ನನ್ನನ್ನು ಮೊಣಕೈಯಿಂದ ದೂಡಿ, "ಬೆಳಕಿಗೆ ಅಡ್ಡ ಬರಬ್ಯಾಡ" ಎಂದಳು, ಒಂದೇ ಉಸಿರಿನಲ್ಲಿ.